‘ಹಾಲು’ ಎಂದರೆ ‘ಕಾಲು’ ಎಂದು ಕೇಳುವ ಅಪ್ಪನಿಗೆ ಯಾವ ಶ್ರವಣಯಂತ್ರ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಈಗ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ತಾಯಿಯೊಂದಿಗೆ ಇದ್ದಾರೆ. ನಾಲ್ಕೈದು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದಿದೆ. ನಾನು ಬೆಂಗಳೂರಿನಿಂದ ಫೋನ್ ಮಾಡಿ ‘ಅಪ್ಪಾ, ಹಾಲು ಬಂತಾ?’ ಎಂದರೆ ‘ಕಾಲಾ? ನಿನ್ನೆಗಿಂತ ಪರವಾಗಿಲ್ಲ’ ಎನ್ನುತ್ತಾರೆ. ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂಬುದು ಅವರ ದೂರು. ಜೋರಾಗಿ ಹೇಳಿದರೆ ‘ಯಾಕೆ ಕಿರುಚುತ್ತೀ’ ಎಂದು ಸಿಟ್ಟಾಗುತ್ತಾರೆ. ಕಳೆದ ವರ್ಷ ಆನ್‌ಲೈನ್‌ನಲ್ಲಿ ಮೂರು ಸಾವಿರ ರೂಪಾಯಿಯ ಕಿವಿ ಮಿಷನ್ ತರಿಸಿಕೊಟ್ಟೆ. ಪಾತ್ರೆ ಸದ್ದಿಗೆ ತಲೆ ಸಿಡಿಯುತ್ತದೆ, ಕುಂಯ್ ಎನ್ನುತ್ತದೆ ಎಂದು ವಾರದೊಳಗೆ ತೆಗೆದಿಟ್ಟರು. ಈಗ ಪರೀಕ್ಷೆ ಮಾಡಿಸಿ ಆಡಿಯೋಗ್ರಾಂ ಕಳುಹಿಸಿದ್ದೇನೆ. ಕ್ಲಿನಿಕ್‌ನವರು ಎರಡೂ ಕಿವಿಗೆ ಸೇರಿ 1.8 ಲಕ್ಷದ ಯಂತ್ರ ಹೇಳಿ, ಹಾಕಿಸದಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಎಂದಿದ್ದಾರೆ. ಅಪ್ಪ ಹೊರಗೆ ಕಾಣದಂಥದ್ದೇ ಬೇಕು ಎನ್ನುತ್ತಾರೆ. ಮಿಷನ್ ಹಾಕಿದರೆ ಉಳಿದ ಕಿವಿಯೂ ಹೋಗುತ್ತದೆ ಎಂದು ನೆಂಟರು ಹೆದರಿಸಿದ್ದಾರೆ. ಒಂದು ಕಿವಿಗೆ ಹಾಕಿಸಿದರೆ ಸಾಲದೇ? ಆಪರೇಷನ್‌ನಿಂದ ಸರಿಯಾಗುವುದಿಲ್ಲವೇ? ಸರ್ಕಾರದ ನೆರವು ಸಿಗುತ್ತದೆಯೇ?

ಉತ್ತರ: ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂಬ ಒಂದು ವಾಕ್ಯದಲ್ಲಿ ನಿಮ್ಮ ತಂದೆಯವರು ತಮ್ಮ ತೊಂದರೆಯನ್ನು ಪರೀಕ್ಷೆಯ ವರದಿಗಿಂತ ಚೆನ್ನಾಗಿ ಹೇಳಿದ್ದಾರೆ. ನೀವು ಅನೇಕ ಪ್ರಶ್ನೆಗಳನ್ನು ಕೇಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ: ಮೂರು ಸಾವಿರ ವ್ಯರ್ಥವಾದಂತೆ ಎರಡು ಲಕ್ಷವೂ ಮೇಜಿನ ಡ್ರಾಯರ್ ಸೇರಿದರೆ ಏನು ಗತಿ? ಈ ಆತಂಕ ನ್ಯಾಯವಾದದ್ದು. ದುಬಾರಿ ಯಂತ್ರಗಳೂ ಡ್ರಾಯರ್ ಸೇರಿರುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಆದರೆ ಅವು ಅಲ್ಲಿಗೆ ಹೋಗಿದ್ದು ಬಹುಪಾಲು ಯಂತ್ರದ ದೋಷದಿಂದಲ್ಲ, ಅದನ್ನು ಆ ಕಿವಿಗೆ ಹೊಂದಿಸುವ ಕೆಲಸ ಅರ್ಧಕ್ಕೆ ನಿಂತದ್ದರಿಂದ.

ಮೊದಲು ಆಡಿಯೋಗ್ರಾಂ ನೋಡೋಣ. ಆ ನಕ್ಷೆಯಲ್ಲಿ ಎಡದಿಂದ ಬಲಕ್ಕೆ ಹೋದಂತೆ, ಅಂದರೆ ಹರ್ಟ್ಜ್ ಸಂಖ್ಯೆ ಹೆಚ್ಚಿದಂತೆ, ಸ್ವರ ತೀಕ್ಷ್ಣವಾಗುತ್ತದೆ. ಗೆರೆ ಕೆಳಗಿಳಿದಷ್ಟೂ, ಅಂದರೆ ಡೆಸಿಬಲ್ ಸಂಖ್ಯೆ ಹೆಚ್ಚಿದಷ್ಟೂ, ಕೇಳ್ಮೆ ಕಡಿಮೆ ಎಂದರ್ಥ. ನಿಮ್ಮ ತಂದೆಯವರಿಗೆ ಎರಡೂ ಕಿವಿಗಳಲ್ಲಿ 500 ಹರ್ಟ್ಜ್‌ನಲ್ಲಿ 30 ಡೆಸಿಬಲ್, 1000ದಲ್ಲಿ 40, 2000ದಲ್ಲಿ 55, 4000ದಲ್ಲಿ 70 ಎಂದಿದ್ದು, 8000ಕ್ಕೆ ಬಂದಾಗ ಗೆರೆ ಮತ್ತೆ 65ಕ್ಕೆ ಸ್ವಲ್ಪ ಮೇಲೇರುತ್ತದೆ. 4000ದ ಬಳಿ ಬಿದ್ದಿರುವ ಈ ಗುಂಡಿ ಗಿರಣಿಯ ಗುರುತು. ಬರೀ ವಯಸ್ಸಿನಿಂದ ಕಿವಿ ಮಂದವಾದವರಲ್ಲಿ ಗೆರೆ ಸಾಮಾನ್ಯವಾಗಿ ಕೊನೆಯವರೆಗೂ ಇಳಿಯುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಯಂತ್ರಗಳ ಗದ್ದಲದಲ್ಲಿ ದುಡಿದವರಲ್ಲಿ ಅದು 4000ದ ಹತ್ತಿರ ಕುಸಿದು ಮುಂದೆ ತುಸು ಚೇತರಿಸಿಕೊಳ್ಳುತ್ತದೆ. ಇಲ್ಲಿ ಎರಡೂ ಕಾರಣಗಳು ಸೇರಿವೆ.

ನಮ್ಮ ಮಾತಿನ ಸ್ವರಗಳು, ಅಂದರೆ ಆ, ಊ, ಓ ಮೊದಲಾದವು, ಜೋರಾಗಿರುತ್ತವೆ ಮತ್ತು ಅವುಗಳ ಬಲವೆಲ್ಲ ಹೆಚ್ಚಾಗಿ ನಕ್ಷೆಯ ಎಡಭಾಗದಲ್ಲಿರುತ್ತದೆ. ಸ, ಶ, ಕ, ತ, ಹ ಇಂಥ ವ್ಯಂಜನಗಳು ಕ್ಷೀಣ, ಮತ್ತು ಅವು ಬಲಭಾಗಕ್ಕೆ ಸೇರಿದವು. ನನ್ನ ಪರೀಕ್ಷಾ ಕೊಠಡಿಯಲ್ಲಿ ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ‘ಸಾಲು, ಕಾಲು, ಹಾಲು, ಪಾಲು’ ಎಂದು ಒಂದೊಂದೇ ಪದ ಹೇಳುತ್ತೇನೆ. ಇಂಥ ನಕ್ಷೆಯವರು ‘ಆಲು’ ಎಂಬಷ್ಟನ್ನು ನಾಲ್ಕು ಸಲವೂ ಸರಿಯಾಗಿ ಕೇಳಿಸಿಕೊಂಡು, ಮೊದಲ ಅಕ್ಷರವನ್ನು ತಾವೇ ಊಹಿಸಿ ಹೇಳುತ್ತಾರೆ. ಕಾಗದ ತೆಗೆದ ಕೂಡಲೇ ತುಟಿ ನೋಡಿ ‘ಪಾಲು’ ಸರಿಯಾಗುತ್ತದೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ; ಸಾಲದ್ದಕ್ಕೆ ಹಳೆಯ ಬಗೆಯ ದೂರವಾಣಿ ಕರೆ 300ರಿಂದ 3400 ಹರ್ಟ್ಜ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ಕಾಲು ನೋವಿರುವ ಮನುಷ್ಯ ‘ಆಲು’ ಎಂದು ಕೇಳಿದರೆ ‘ಕಾಲು’ ಎಂದುಕೊಳ್ಳುವುದು ಸಹಜವೇ. ಇದನ್ನು ಬುದ್ಧಿ ಮಂಕಾದ ಲಕ್ಷಣವೆಂದು ಮನೆಯವರು ಭಾವಿಸುವುದುಂಟು, ದಯವಿಟ್ಟು ಹಾಗೆ ತಿಳಿಯಬೇಡಿ.

ಇನ್ನು ಅವರ ಸಿಟ್ಟಿನ ಕಾರಣ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯದೊಳಗೆ ಸುಮಾರು 12,000 ಹೊರ ರೋಮಕೋಶಗಳೂ 3,500ರಷ್ಟು ಒಳ ರೋಮಕೋಶಗಳೂ ಇರುತ್ತವೆ. ಒಳಸಾಲಿನವು ಸದ್ದನ್ನು ನರಕ್ಕೆ ತಲುಪಿಸುತ್ತವೆ. ಹೊರಸಾಲಿನವು ಮೆಲುದನಿಯನ್ನು ಅಲ್ಲಿಯೇ ಹಿಗ್ಗಿಸಿ ಕೊಡುತ್ತವೆ, ಜೋರಾದ ಸದ್ದಿಗೆ ಸುಮ್ಮನಿರುತ್ತವೆ. ವಯಸ್ಸಿಗೂ ಗದ್ದಲಕ್ಕೂ ಮೊದಲು ಬಲಿಯಾಗುವವು ಈ ಹೊರಸಾಲಿನವೇ, ಮತ್ತು ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಪರಿಣಾಮವಾಗಿ ಮೆಲುದನಿ ಪೂರ್ತಿ ಮಾಯವಾಗುತ್ತದೆ, ಜೋರು ಸದ್ದು ಮಾತ್ರ ಮೊದಲಿನಷ್ಟೇ ಜೋರಾಗಿ, ಕೆಲವೊಮ್ಮೆ ಇನ್ನೂ ಕರ್ಕಶವಾಗಿ ಕೇಳುತ್ತದೆ. ಕೇಳಿಸದ ಮಟ್ಟಕ್ಕೂ ಸಹಿಸಲಾಗದ ಮಟ್ಟಕ್ಕೂ ನಡುವಿನ ಅಂತರವೇ ಕಿರಿದಾಗಿರುತ್ತದೆ. ‘ಮೆಲ್ಲಗೆ ಹೇಳಿದರೆ ಕೇಳದು, ಜೋರಾಗಿ ಹೇಳಿದರೆ ಸಿಟ್ಟು’ ಎನ್ನುವುದು ಸ್ವಭಾವದ ದೋಷವಲ್ಲ, ಈ ಕಿರಿದಾದ ಜಾಗದ ಇಕ್ಕಟ್ಟು.

ನೀವು ತರಿಸಿದ ಮೂರು ಸಾವಿರದ ಸಾಧನ ಸೋತದ್ದು ಇಲ್ಲಿಯೇ. ಅದು ಶ್ರವಣಯಂತ್ರವಲ್ಲ, ಕಿವಿಗೆ ಸಿಕ್ಕಿಸುವ ಧ್ವನಿವರ್ಧಕ. ಅದರ ಗಾಲಿ ತಿರುಗಿಸಿದರೆ ಎಲ್ಲ ಸದ್ದೂ ಒಟ್ಟಿಗೆ ಏರುತ್ತದೆ: ಅವರಿಗೆ ಈಗಾಗಲೇ ಕೇಳುತ್ತಿರುವ ‘ಆ’ಕಾರ, ಫ್ಯಾನಿನ ಗುಂಯ್‌ಗುಡುವಿಕೆ, ಸ್ಟೀಲ್ ತಟ್ಟೆ ಬಿದ್ದ ಸದ್ದು ಎಲ್ಲವೂ. ಬೇಕಾದ ‘ಹ’ಕಾರ ಮಾತ್ರ ಅವುಗಳಡಿಯಲ್ಲಿ ಮುಚ್ಚಿಹೋಗುತ್ತದೆ. ಕುಂಯ್ ಎನ್ನುವುದು ಬೇರೆ ವಿಷಯ. ಉತ್ಸವದ ದಿನ ಮೈಕ್ ಹಿಡಿದವರು ಸ್ಪೀಕರ್ ಎದುರಿಗೆ ಬಂದಾಗ ಆಗುವುದೇ ಕಿವಿಯಲ್ಲೂ ಆಗುತ್ತದೆ. ಸಡಿಲವಾಗಿ ಕುಳಿತ ಬಿರಡೆಯ ಪಕ್ಕದಿಂದ ಸದ್ದು ಸೋರಿ ಮತ್ತೆ ಮೈಕ್ ಸೇರುತ್ತದೆ.

ನಿಜವಾದ ಶ್ರವಣಯಂತ್ರದಲ್ಲಿಯೂ ಮೈಕ್, ವರ್ಧಕ, ಪುಟ್ಟ ಸ್ಪೀಕರ್, ಬ್ಯಾಟರಿ ಎಂಬ ನಾಲ್ಕೇ ಅಂಗಗಳಿರುತ್ತವೆ. ವ್ಯತ್ಯಾಸವಿರುವುದು ನಡುವಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ. ಮೈಕ್ ಹಿಡಿದ ಸದ್ದನ್ನು ಅದು ಅಂಕಿಗಳಾಗಿ ಬದಲಿಸಿ, ತಗ್ಗು ಸ್ವರದಿಂದ ತೀಕ್ಷ್ಣ ಸ್ವರದವರೆಗೆ ಹಲವು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಗೂ ಆಡಿಯೋಗ್ರಾಂ ಹೇಳಿದಷ್ಟೇ ಬಲ ಸೇರಿಸಿ, ಮತ್ತೆ ಸದ್ದಾಗಿಸಿ ಕಿವಿಗೆ ಬಿಡುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಉದಾಹರಣೆಗೆ 3000 ಹರ್ಟ್ಜ್ ಪಟ್ಟಿಯಲ್ಲಿ ನಿಮ್ಮ ತಾಯಿಯವರ ಮೆಲುಮಾತಿಗೆ ಅದು 25 ಡೆಸಿಬಲ್ ಸೇರಿಸಿದರೆ, ಸಾಧಾರಣ ಮಾತಿಗೆ 15 ಸೇರಿಸಿ, ತಟ್ಟೆ ಬಿದ್ದಾಗ ಬಹುತೇಕ ಏನನ್ನೂ ಸೇರಿಸದೆ ಬಿಡುತ್ತದೆ. ಸತ್ತುಹೋದ ಹೊರ ರೋಮಕೋಶಗಳು ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು. ಯಾವ ಸದ್ದೂ ಒಂದು ಮಿತಿ ದಾಟದಂತೆ ಮೇಲೊಂದು ತಡೆಯನ್ನೂ ಇಡಲಾಗುತ್ತದೆ. ಪೂರ್ತಿ ಡಿಜಿಟಲ್ ಯಂತ್ರಗಳು ಮಾರುಕಟ್ಟೆಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಅದಕ್ಕೂ ಹಿಂದೆ ಯಂತ್ರ ಹಾಕಿಸಿಕೊಂಡ ಹಿರಿಯರ ಕಹಿ ನೆನಪುಗಳಿಂದಲೇ ಇಂದಿಗೂ ಅನೇಕ ಮನೆಗಳಲ್ಲಿ ‘ಮಿಷನ್ ಹಾಕಿದರೆ ಬರೀ ಗಲಾಟೆ’ ಎಂಬ ಮಾತು ಉಳಿದುಕೊಂಡಿದೆ.

ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಪ್ರಸಂಗಕ್ಕೆ ಅನ್ವಯಿಸುವುದಿಲ್ಲ. ಅಳತೆಯಿಲ್ಲದ ಧ್ವನಿವರ್ಧಕವನ್ನು ಗರಿಷ್ಠಕ್ಕೆ ಏರಿಸಿ ದಿನವಿಡೀ ಹಾಕಿಕೊಂಡರೆ ಅದು ಗಿರಣಿಯನ್ನೇ ಕಿವಿಯೊಳಗೆ ಇಟ್ಟುಕೊಂಡಂತೆ. ಕಿವಿಗೆ ತಕ್ಕಂತೆ ಮಿತಿಯಿಟ್ಟು ಹೊಂದಿಸಿದ ಯಂತ್ರದಿಂದ ಕೇಳ್ಮೆ ಹಾಳಾಗುವುದಿಲ್ಲ. ವಯಸ್ಸಿನೊಂದಿಗೆ ಕೇಳ್ಮೆ ಹೇಗೂ ಇಳಿಯುತ್ತಿರುತ್ತದೆ. ಅದರ ಜೊತೆಗೆ, ಕೆಲವು ತಿಂಗಳು ಯಂತ್ರದಿಂದ ಚೆನ್ನಾಗಿ ಕೇಳಿ ಅಭ್ಯಾಸವಾದವರು ರಾತ್ರಿ ಅದನ್ನು ತೆಗೆದಿಟ್ಟಾಗ ‘ಮೊದಲಿಗಿಂತ ಕಡಿಮೆಯಾಯಿತು’ ಎನ್ನುತ್ತಾರೆ. ಕಡಿಮೆಯಾದದ್ದು ಕಿವಿಯಲ್ಲ, ಮೌನಕ್ಕೆ ಇದ್ದ ಹೊಂದಾಣಿಕೆ.

ಆಪರೇಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಿವಿ ತಮಟೆ ತೂತಾದವರಿಗೆ, ನಡುಕಿವಿಯ ಮೂಳೆ ಬಿಗಿದುಕೊಂಡವರಿಗೆ ಶಸ್ತ್ರಚಿಕಿತ್ಸೆಯಿಂದ ಲಾಭವಾಗುತ್ತದೆ. ಅಂಥವರ ನಕ್ಷೆಯಲ್ಲಿ ಗಾಳಿಯ ಮೂಲಕ ಅಳೆದ ಗೆರೆಗೂ ಮೂಳೆಯ ಮೂಲಕ ಅಳೆದ ಗೆರೆಗೂ ನಡುವೆ ಅಂತರವಿರುತ್ತದೆ. ನಿಮ್ಮ ತಂದೆಯವರಲ್ಲಿ ಎರಡೂ ಒಂದರ ಮೇಲೊಂದು ಕುಳಿತಿವೆ, ಅಂದರೆ ತೊಂದರೆ ಒಳಕಿವಿಯದು. ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬುದು ಯಂತ್ರದಿಂದಲೂ ಮಾತು ತಿಳಿಯದಷ್ಟು ತೀವ್ರ ನಷ್ಟವಾದವರಿಗೆ. ನಿಮ್ಮ ತಂದೆಯವರು ಆ ಹಂತದಿಂದ ಬಹಳ ದೂರದಲ್ಲಿದ್ದಾರೆ. ಆದರೂ ಯಂತ್ರಕ್ಕೆ ಮುನ್ನ ಕಿವಿ, ಮೂಗು, ಗಂಟಲು ತಜ್ಞರೊಬ್ಬರು ಕಿವಿಯೊಳಗೆ ಒಮ್ಮೆ ನೋಡಿ ಗುಗ್ಗೆ ತೆಗೆಯಲಿ. ಇದು ನಿಮಗೆ ಮಾತ್ರವಲ್ಲ, ಓದುತ್ತಿರುವ ಎಲ್ಲರಿಗೂ: ಒಂದೆರಡು ದಿನದಲ್ಲಿ ದಿಢೀರನೆ ಕಿವಿ ಕೇಳಿಸದಾದರೆ, ಅದರಲ್ಲೂ ಒಂದೇ ಕಿವಿಯಲ್ಲಿ ಹಾಗಾದರೆ, ಯಂತ್ರದ ಅಂಗಡಿಗಲ್ಲ, ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಕಿವಿ ಸೋರುವುದು, ತಲೆ ಸುತ್ತುವುದು, ಒಂದೇ ಕಿವಿಯಲ್ಲಿ ಮೊರೆತ ಇದ್ದರೂ ಮೊದಲು ವೈದ್ಯರೇ.

ಮರೆವಿನ ಕಾಯಿಲೆಯ ಹೆದರಿಕೆ ಹಾಕಿ ಯಂತ್ರ ಮಾರುವುದು ನನಗೆ ಸರಿ ಕಾಣುವುದಿಲ್ಲ. ಕೇಳ್ಮೆಯ ನಷ್ಟಕ್ಕೂ ಮರೆವಿನ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಟ್ಟು ಗುಂಪನ್ನು ತೆಗೆದುಕೊಂಡಾಗ ಯಂತ್ರ ಹಾಕಿದವರಿಗೂ ಹಾಕದವರಿಗೂ ಬುದ್ಧಿಶಕ್ತಿಯ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚಿನ ಅಪಾಯವಿದ್ದವರಲ್ಲಿ ಮಾತ್ರ ಇಳಿಕೆ ಸುಮಾರು ಅರ್ಧದಷ್ಟು ನಿಧಾನವಾಯಿತು. ಆಶಾದಾಯಕವೇ ಹೌದು, ಆದರೆ ‘ಹಾಕಿಸದಿದ್ದರೆ ಬಂದೇಬಿಡುತ್ತದೆ’ ಎನ್ನಲು ಇದು ಆಧಾರವಲ್ಲ. ತಾಯಿಯೊಂದಿಗೆ ಜಗಲಿಯಲ್ಲಿ ಕೂತು ಮಾತಾಡಲು ಬೇಕು ಎಂಬ ಕಾರಣವೇ ಸಾಕು.

ಈಗ ಬಗೆಗಳ ವಿಚಾರ. ಜೇಬಿನಲ್ಲಿ ಪೆಟ್ಟಿಗೆ, ಕಿವಿಗೆ ತಂತಿ ಇರುವ ಹಳೆಯ ಮಾದರಿ ಇಂದಿಗೂ ಸಿಗುತ್ತದೆ. ಕೈ ನಡುಗುವವರಿಗೆ, ತೀವ್ರ ನಷ್ಟವಿರುವವರಿಗೆ ಅದು ಉಪಯೋಗಿ, ಆದರೆ ಅಂಗಿ ಉಜ್ಜಿದ ಸದ್ದೆಲ್ಲ ಅದರ ಮೈಕಿಗೆ ಬೀಳುತ್ತದೆ. ನಿಮಗೆ ಅದು ಬೇಡ. ಮೂಳೆಯ ಮೂಲಕ ಸದ್ದು ಸಾಗಿಸುವ ಯಂತ್ರಗಳು ಕಿವಿ ಸದಾ ಸೋರುವವರಿಗೆ, ಹುಟ್ಟಿನಿಂದ ಕಿವಿಯ ನಾಳ ಮುಚ್ಚಿರುವವರಿಗೆ. ಉಳಿದದ್ದು ಮೂರು: ಕಿವಿಯೊಳಗೆ ಹುದುಗುವುದು, ಕಿವಿಯ ಹಿಂದೆ ಕೂರುವುದು, ಮತ್ತು ದೇಹ ಕಿವಿಯ ಹಿಂದಿದ್ದು ಸ್ಪೀಕರ್ ಮಾತ್ರ ತೆಳು ತಂತಿಯ ತುದಿಯಲ್ಲಿ ಕಿವಿನಾಳದೊಳಗೆ ಇರುವುದು. ಈ ಕೊನೆಯದನ್ನು ಅಂಗಡಿಗಳಲ್ಲಿ ‘ಆರ್‌ಐಸಿ’ ಎನ್ನುತ್ತಾರೆ.

ತಂದೆಯವರು ಬಯಸುವುದು ಮೊದಲನೆಯದನ್ನು. ಅವರ ಮುಜುಗರ ನನಗೆ ಅರ್ಥವಾಗುತ್ತದೆ. ಕನ್ನಡಕ ಹಾಕಿದವನನ್ನು ಯಾರೂ ಕುರುಡ ಎನ್ನದ ಊರಿನಲ್ಲಿಯೇ ಯಂತ್ರ ಹಾಕಿದವನಿಗೆ ಕಿವುಡ ಎಂಬ ಹೆಸರು ಬೀಳುತ್ತದೆ. ಆದರೂ ಈ ಕಿವಿಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಅವರ ತಗ್ಗು ಸ್ವರದ ಕೇಳ್ಮೆ ಇನ್ನೂ ಸಾಕಷ್ಟು ಚೆನ್ನಾಗಿದೆ. ನಾಳವನ್ನು ಪೂರ್ತಿ ಮುಚ್ಚಿದರೆ ಅವರ ಸ್ವಂತ ದನಿಯೇ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಗುಂಯ್ ಎನ್ನುತ್ತದೆ. ಊಟ ಅಗಿಯುವ ಸದ್ದು ಕೂಡ ತಲೆಯೊಳಗೆ ಮೊಳಗುತ್ತದೆ. ತೀರ ಒಳಗೆ ಕೂರುವ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಮೈಕಿಗೆ ಜಾಗವಿರುತ್ತದೆ. ಎದುರಿನವರ ಮಾತನ್ನು ಹಿಡಿದು ಹಿಂದಿನ ಗದ್ದಲವನ್ನು ತಗ್ಗಿಸಲು ಎರಡು ಮೈಕ್ ಬೇಕು. ಅದರ ಪುಟ್ಟ ಬ್ಯಾಟರಿಯ ಆಯುಷ್ಯ ಹೆಚ್ಚೆಂದರೆ ಒಂದು ವಾರದ ಆಸುಪಾಸು. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ದಪ್ಪ ಬೆರಳುಗಳಲ್ಲಿ ಕಡಲೆಬೇಳೆಯಷ್ಟು ಬ್ಯಾಟರಿಯನ್ನು ಹಿಡಿದು ಕೂರಿಸುವುದನ್ನು ಅಂಗಡಿಯಲ್ಲಿಯೇ ಅವರ ಕೈಯಿಂದ ಒಮ್ಮೆ ಮಾಡಿಸಿ ನೋಡಿ. ಬಹುಶಃ ಅಲ್ಲಿಯೇ ಅವರ ಮನಸ್ಸು ಬದಲಾಗುತ್ತದೆ.

ನನ್ನ ಮೊದಲ ಆಯ್ಕೆ ರಂಧ್ರಗಳಿರುವ ಮೆತ್ತನೆಯ ತುದಿಯ ಆರ್‌ಐಸಿ, ಎರಡೂ ಕಿವಿಗೆ. ತಗ್ಗು ಸ್ವರ ಆ ರಂಧ್ರಗಳ ಮೂಲಕ ಸಹಜವಾಗಿಯೇ ಒಳಬರುತ್ತದೆ, ತೀಕ್ಷ್ಣ ಸ್ವರವನ್ನು ಯಂತ್ರ ತುಂಬುತ್ತದೆ. ಬಿಳಿಗೂದಲ ಬಣ್ಣದ್ದನ್ನು ಆರಿಸಿದರೆ ಎದುರಿನವರಿಗೆ ಹೆಚ್ಚೇನೂ ಕಾಣುವುದಿಲ್ಲ. ಇದರ ದೌರ್ಬಲ್ಯವೆಂದರೆ, ಸ್ಪೀಕರ್ ಕಿವಿನಾಳದಲ್ಲಿಯೇ ಇರುವುದರಿಂದ ಗುಗ್ಗೆ ಮತ್ತು ತೇವಕ್ಕೆ ಬೇಗ ಸಿಕ್ಕುತ್ತದೆ. ತುದಿಯ ಪುಟ್ಟ ಜಾಲರಿಯನ್ನು ಆಗಾಗ ಬದಲಿಸದಿದ್ದರೆ ‘ಮಿಷನ್ ಸತ್ತಿದೆ’ ಎಂಬ ಫೋನ್ ನಿಮಗೆ ಬರುತ್ತದೆ; ಬಹಳಷ್ಟು ಸಲ ಸತ್ತಿರುವುದು ಆ ಜಾಲರಿ ಮಾತ್ರ. ಖರ್ಚು ತಗ್ಗಿಸಬೇಕೆಂದರೆ ತೆಳು ಕೊಳವೆಯಿರುವ ಕಿವಿಹಿಂದಿನ ಯಂತ್ರ. ಅದರ ಸ್ಪೀಕರ್ ಹೊರಗಿನ ದೇಹದಲ್ಲಿಯೇ ಇರುತ್ತದೆ, ಕೊಳವೆಯನ್ನು ತಂತಿ ತೂರಿಸಿ ಸ್ವಚ್ಛ ಮಾಡಬಹುದು.

ತೀರ್ಥಹಳ್ಳಿಯ ಮಳೆಗಾಲವನ್ನು ಲೆಕ್ಕಕ್ಕೆ ಇಡದೆ ಯಂತ್ರ ಕೊಳ್ಳಬೇಡಿ. ಜೂನ್‌ನಿಂದ ನಾಲ್ಕು ತಿಂಗಳು ಅಲ್ಲಿ ಗೋಡೆಯೇ ಬೆವರುತ್ತದೆ. ರಾತ್ರಿ ಯಂತ್ರವನ್ನು ತೇವ ಹೀರುವ ಸಿಲಿಕಾ ಹರಳುಗಳಿರುವ ಬಿಗಿ ಡಬ್ಬಿಯಲ್ಲಿ ಇಡಬೇಕು; ಹರಳು ಬಣ್ಣ ಬದಲಿಸಿದಾಗ ಬದಲಿಸಬೇಕು. ಚಾರ್ಜ್ ಮಾಡುವ ಮಾದರಿ ಬೆರಳುಗಳಿಗೆ ಸುಲಭ, ಆದರೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಒಂದು ದಿನದ ನಂತರ ಯಂತ್ರ ಮೌನವಾಗುತ್ತದೆ. ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಬಿಸಾಡುವ ಬ್ಯಾಟರಿಯದಾದರೆ ಕಿತ್ತಳೆ ಸ್ಟಿಕ್ಕರಿನ 13ನೇ ಸಂಖ್ಯೆಯದು ಹಿಡಿಯಲು ದೊಡ್ಡದು, ಒಂದರಿಂದ ಎರಡು ವಾರ ಬರುತ್ತದೆ. ಈ ಬ್ಯಾಟರಿಗಳು ಗಾಳಿ ತಾಗಿದಾಗ ಎಚ್ಚರಗೊಳ್ಳುವಂಥವು. ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು. ನನ್ನ ಬಳಿ ಬರುತ್ತಿದ್ದ ಅಜ್ಜಿಯೊಬ್ಬರು ‘ಪ್ರತಿ ಸಲ ಕೀಳುವ ರಗಳೆ ಯಾಕೆ’ ಎಂದು ಆರಕ್ಕೆ ಆರೂ ಸ್ಟಿಕ್ಕರ್‌ಗಳನ್ನು ಒಂದೇ ದಿನ ಕಿತ್ತು ಡಬ್ಬಿಗೆ ಹಾಕಿದ್ದರು. ಕೆಲವೇ ವಾರಗಳಲ್ಲಿ ಆರೂ ಖಾಲಿ, ಬೈಗುಳ ಮಾತ್ರ ನನಗೆ.

1.8 ಲಕ್ಷ ಬೇಕೇ? ದರ ಏರಿದಂತೆ ಏರುವುದು ಪಟ್ಟಿಗಳ ಸಂಖ್ಯೆ, ಗದ್ದಲ ನಿಭಾಯಿಸುವ ಚಾತುರ್ಯ, ಬ್ಲೂಟೂತ್, ಸನ್ನಿವೇಶಕ್ಕೆ ತಾನೇ ಬದಲಾಗುವ ಗುಣ. ದಿನಕ್ಕೆ ನಾಲ್ಕು ಸಭೆಗಳಲ್ಲಿ ಕೂರುವ ವಕೀಲರಿಗೆ ಇವು ಬೆಲೆ ಬಾಳುತ್ತವೆ. ಮನೆ, ತೋಟ, ಸೊಸೈಟಿ, ಆಗೊಂದು ಈಗೊಂದು ಮದುವೆ ಎಂಬ ದಿನಚರಿಗೆ ಆ ಮೊತ್ತದ ಅರ್ಧಕ್ಕಿಂತ ಕಡಿಮೆಯಲ್ಲಿ ಎರಡು ಒಳ್ಳೆಯ ಯಂತ್ರಗಳು ಸಾಕು ಎಂಬುದು ನನ್ನ ಅಭಿಪ್ರಾಯ. ದುಬಾರಿಯ ಒಂದಕ್ಕಿಂತ ಸಾಧಾರಣದ ಎರಡು ಮೇಲು: ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತು ಹೆಕ್ಕಲು ಮಿದುಳಿಗೆ ಎರಡೂ ಕಿವಿ ಬೇಕು. ಒಂದಕ್ಕೇ ಹಾಕಿದರೆ ಇನ್ನೊಂದರ ಮಾತು ಗುರುತಿಸುವ ಸಾಮರ್ಥ್ಯ ಬಳಕೆಯಿಲ್ಲದೆ ಕುಗ್ಗಬಹುದು. ಇಡೀ ವಿಚಾರವನ್ನು ಒಂದೆರಡು ವರ್ಷ ಮುಂದೂಡುವ ದಾರಿಯೂ ಇದೆ. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ತಡವಾದಷ್ಟೂ ಹೊಂದಿಕೊಳ್ಳುವುದು ಕಷ್ಟ.

ಮಾರುವವರನ್ನು ಆರಿಸುವಾಗ ಬ್ರ್ಯಾಂಡಿಗಿಂತ ಮೊದಲು ಮೂರು ಸಂಗತಿ ನೋಡಿ. ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟ್ (ಶ್ರವಣತಜ್ಞ) ಆಗಿರಬೇಕು. ನಿಮ್ಮೂರಿನಿಂದ ಶಿವಮೊಗ್ಗದಷ್ಟು ದೂರದೊಳಗೆ ಇರಬೇಕು, ಏಕೆಂದರೆ ಮೊದಲ ಮೂರು ತಿಂಗಳಲ್ಲಿ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೊಂಡು ಊರಿಗೆ ಕಳುಹಿಸಿದ ಯಂತ್ರಗಳೇ ಹೆಚ್ಚಾಗಿ ಡ್ರಾಯರ್ ಸೇರುತ್ತವೆ. ಮೂರನೆಯದು, ಕಿವಿನಾಳದೊಳಗೆ ತೆಳು ಕೊಳವೆಯಿಟ್ಟು ಯಂತ್ರದ ಸದ್ದು ತಮಟೆಯ ಬಳಿ ನಿಜವಾಗಿ ಎಷ್ಟು ತಲುಪುತ್ತಿದೆ ಎಂದು ಅಳೆಯುವ ವ್ಯವಸ್ಥೆ ಅವರಲ್ಲಿದೆಯೇ ಎಂದು ಕೇಳಿ. ಆಡಿಯೋಗ್ರಾಂನಿಂದ ಬಲ ಲೆಕ್ಕ ಹಾಕಲು ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್ ರೂಪಿಸಿದಂಥ ಸೂತ್ರಗಳಿವೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಾಗ ತಾನಾಗಿ ಬರುವ ಹೊಂದಾಣಿಕೆ ಅನೇಕ ವೇಳೆ ತೀಕ್ಷ್ಣ ಸ್ವರಗಳಲ್ಲಿ ಆ ಸೂತ್ರ ಹೇಳುವ ಗುರಿಗಿಂತ ಕಡಿಮೆಯಿರುತ್ತದೆ. ನಿಮ್ಮ ತಂದೆಯವರಿಗೆ ಬೇಕಾದ ‘ಹ’, ‘ಕ’, ‘ಸ’ಗಳೆಲ್ಲ ಅಲ್ಲಿಯೇ ಇವೆ.

ಮೊದಲ ವಾರ ಅವರು ದೂರುತ್ತಾರೆ. ಒಗ್ಗರಣೆಯ ಚಟಪಟ, ಪತ್ರಿಕೆ ಮಡಿಸುವ ಸದ್ದು, ತಮ್ಮದೇ ಚಪ್ಪಲಿಯ ಸದ್ದು ಎಲ್ಲವೂ ಹೊಸದಾಗಿ ತಲೆಯ ಮೇಲೆ ಬೀಳುತ್ತವೆ. ಆರಂಭದಲ್ಲಿ ದಿನಕ್ಕೆ ಎರಡು ಮೂರು ಗಂಟೆ, ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ ಸಾಕು. ಕೆಲವು ವಾರಗಳಲ್ಲಿ ದಿನವಿಡೀ ಹಾಕಿಕೊಳ್ಳುವಂತಾಗಬೇಕು. ಮದುವೆಮನೆಯಲ್ಲಿ ಮೊದಲ ಪರೀಕ್ಷೆ ಮಾಡಬೇಡಿ. ಅಲ್ಲಿ ಯಂತ್ರವಿಲ್ಲದ ನಮಗೂ ಮಾತು ತಿಳಿಯುವುದಿಲ್ಲ.

ಸರ್ಕಾರದ ನೆರವಿನ ವಿಷಯದಲ್ಲಿ ನಿರಾಸೆಯ ಉತ್ತರ ಕೊಡಬೇಕಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶ್ರವಣದೋಷವನ್ನು ಅಂಗವೈಕಲ್ಯವೆಂದು ಗುರುತಿಸಲು ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವಿರಬೇಕು. ತಂದೆಯವರ ಸರಾಸರಿ 50ರೊಳಗೇ ಇದೆ. ಹಾಗಾಗಿ ಅಂಗವೈಕಲ್ಯದ ಪ್ರಮಾಣಪತ್ರವಾಗಲಿ, ಅದನ್ನು ಆಧರಿಸಿ ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರದ ಅಡಿಪ್ ಯೋಜನೆಯ ಉಚಿತ ಯಂತ್ರವಾಗಲಿ ಸಿಗಲಾರದು. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಯಂತ್ರ ಕೊಡುವುದುಂಟು. ನಿಮ್ಮ ಕುಟುಂಬ ಆ ವ್ಯಾಪ್ತಿಗೆ ಬರುವುದಾದರೆ ವಿಚಾರಿಸಿ. ಮಾರಾಟದ ಒತ್ತಡವಿಲ್ಲದ ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ದಿನ ಕರೆದುಕೊಂಡು ಹೋಗುವುದು ಸಾರ್ಥಕ. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಹೋಗುವಾಗ ಹಳೆಯ ಆಡಿಯೋಗ್ರಾಂ ಜೊತೆಗಿರಲಿ, ಬೆಳಗ್ಗೆ ಬೇಗ ತಲುಪುವಂತೆ ಹೊರಡಿ.

ಯಂತ್ರ ಬಂದ ಮೇಲೆ ಅವರು ಫೋನನ್ನು ಕಿವಿಯ ತೂತಿಗಲ್ಲ, ಮೈಕ್ ಇರುವ ಕಿವಿಯ ಮೇಲಂಚಿಗೆ ಹಿಡಿಯಬೇಕು. ಇದನ್ನು ಯಾರೂ ಹೇಳಿಕೊಡದೆ ‘ಫೋನಿಗೆ ಇದು ಪ್ರಯೋಜನವಿಲ್ಲ’ ಎಂದು ತೀರ್ಮಾನಿಸಿದವರು ಅನೇಕರಿದ್ದಾರೆ. ಅಲ್ಲಿಯವರೆಗೆ ನೀವು ದನಿ ಏರಿಸಬೇಡಿ, ತುಸು ನಿಧಾನ ಮಾಡಿ, ಪದಗಳನ್ನು ಹೆಚ್ಚಿಸಿ. ‘ಹಾಲು ಬಂತಾ’ ಎನ್ನುವ ಬದಲು ‘ಅಪ್ಪಾ, ಬೆಳಗ್ಗೆ ಡೈರಿಯಿಂದ ಹಾಲು ತಂದಾಯ್ತಾ?’ ಎಂದು ಕೇಳಿದರೆ, ‘ಹ’ಕಾರ ಕೇಳದಿದ್ದರೂ ಬೆಳಗ್ಗೆಯೂ ಡೈರಿಯೂ ಸೇರಿ ಅದನ್ನು ಹಾಲೆಂದೇ ಅವರಿಗೆ ತಿಳಿಸುತ್ತವೆ.